ಕ್ಯಾಲ್ಕುಲೇಟರ್ ಕೊಳ್ಳುವ ಮುಂಚೆ ಒಂದು ಮಾತು

 

ಈ ಸಂಚಿಕೆಗೆ ಒಂದು ಕವನ ಬರೆದುಕೊಡೋಣ ಅಂತಿದ್ದೆ. ಆದರೆ ಮುಂದಿನ ವರ್ಷ ಸೈನ್ಸ್ ತಗೋಬೇಕು ಅಂತಿರುವ ನಮ್ಮ ತರಗತಿಯ ನಾಲ್ಕೈದು ಜನ ಈಗಲೇ ನನ್ನನ್ನು ಹಿಡಿದುಕೊಂಡು ಕೇಳುತ್ತಿದ್ದಾರೆ. "ಯಾವ ಕ್ಯಾಲ್ಕುಲೇಟರ್ ತಗೋಬೇಕೇ? ಗ್ರಾಫ್ ತಾನೇ ಬರೆಯೋದು ನಿಮ್ಮ ಮನೇಲಿದೆಯಂತಲ್ಲ, ಎಷ್ಟು ಅದಕ್ಕೆ?" ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದು ಅಂಟಿಸಿದರೆ ಎಲ್ಲರೂ ಓದುತ್ತಾರೆ, ಒಂದಿಬ್ಬರ ಮನೆಯ ದುಡ್ಡಾದರೂ ಉಳಿಯುತ್ತದೆ ಎಂದು ಈ ಲೇಖನ. ಸ್ವಲ್ಪ ಉದ್ದ ಆಗಿದೆ, ಸಂಪಾದಕ ಮಂಡಳಿಯವರು ಒಂದು ಹಾಳೆ ಜಾಸ್ತಿ ಕೊಟ್ಟಿದ್ದಾರೆ, ಅವರಿಗೆ ಧನ್ಯವಾದ.

ಹೌದು, ಗ್ರಾಫ್ ಬರೆಯುವ ಕ್ಯಾಲ್ಕುಲೇಟರ್ ನಮ್ಮ ಮನೆಯಲ್ಲಿದೆ. ಅದು ಹೇಗೆ ಬಂತು ಅಂತ ಮೊದಲು ಹೇಳುತ್ತೇನೆ.

ನಮ್ಮಕ್ಕ ಇದೇ ಶಾಲೆಯಲ್ಲಿ ಓದಿದವಳು. 2024ರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿ ಬೆಂಗಳೂರಿಗೆ ಹೋದಳು. ಚಾಮರಾಜಪೇಟೆಯ ಒಂದು ಪಿ.ಜಿ.ಯಲ್ಲಿ ಇದ್ದಾಳೆ. ಮೊದಲನೇ ಸೆಮಿಸ್ಟರಿನಲ್ಲೇ ಕಲನಶಾಸ್ತ್ರ, ಮಾತೃಕೆ, ಅವಕಲ ಸಮೀಕರಣ ಎಲ್ಲ ಒಟ್ಟಿಗೆ ಬಂದವು. ಕ್ಯಾಲ್ಕುಲೇಟರ್ ಇಲ್ಲದೆ ಆಗೋದಿಲ್ಲ ಎಂದು ಎಲ್ಲರೂ ಹೇಳಿದರು. ಯಾವುದು ಎಂದು ಮಾತ್ರ ಯಾರೂ ಸರಿಯಾಗಿ ಹೇಳಲಿಲ್ಲ.

ಅದೇ ನವೆಂಬರಿನಲ್ಲಿ ಅಪ್ಪ ಕಡಲೆಕಾಯಿ ಪರಿಷೆಗೆ ಹೊರಟರು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಾರ್ತಿಕ ಮಾಸದ ಕಡೇ ಸೋಮವಾರ ಪರಿಷೆ ನಡೆಯೋದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಮಾಗಡಿ ಕಡೆಯವರಲ್ಲದೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ರೈತರೂ ಬಂದು ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಯಲ್ಲಿ ಕಾಯಿ ರಾಶಿ ಹಾಕುತ್ತಾರೆ. ಆ ಸಲ ನಾನೂ ಅಪ್ಪನ ಜೊತೆ ಹೋಗಿದ್ದೆ. ಹಸಿ ಕಾಯಿ ಸೇರಿಗೆ 50 ರೂಪಾಯಿಯಂತೆ ಮಾರಿದೆವು. ಸಂಜೆ ಕಾಲೇಜು ಮುಗಿಸಿಕೊಂಡು ಅಕ್ಕ ಬಂದಳು. ಬಂದವಳೇ ರಾಶಿಯ ಪಕ್ಕ ಕೂತು ಹೇಳಿದಳು.

"ಅಪ್ಪಾ, ನಮ್ಮ ಪಿ.ಜಿ.ಲಿ ಒಬ್ಬರು ಸೀನಿಯರ್ ಇದ್ದಾರೆ. ಅವರ ಕಡೆಯವರು ಯಾರೋ ಅಮೆರಿಕದಿಂದ ಗ್ರಾಫಿಂಗ್ ಕ್ಯಾಲ್ಕುಲೇಟರ್ ತಂದಿದ್ರಂತೆ. ಹೊಸದಕ್ಕೆ ಇನ್ನೂ ಜಾಸ್ತಿ ಆಗುತ್ತೆ. ನಾಲ್ಕೂವರೆ ಸಾವಿರಕ್ಕೆ ಕೊಡ್ತೀನಿ ಅಂತಿದ್ದಾರೆ. ಅದೊಂದಿದ್ರೆ ನಾಲ್ಕು ವರ್ಷವೂ ಬೇರೇನೂ ಬೇಡ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೊಂಬತ್ತು ಸೇರು ಕಣವ್ವ" ಅಂದರು. ನಾನು ಮನಸ್ಸಿನಲ್ಲಿ ಭಾಗಾಕಾರ ಶುರು ಮಾಡುವ ಮುಂಚೆಯೇ ಅವರಿಗೆ ಉತ್ತರ ಬಂದಿತ್ತು. ಆಮೇಲೆ "ಓದೋ ಮಗಳು ಕೇಳವ್ಳೆ, ಇಲ್ಲ ಅನ್ನಕಾಗ್ತದಾ" ಅಂತ ಸೊಂಟದ ಚೀಲದಿಂದ ಎಣಿಸಿ ಕೊಟ್ಟರು.

ಮುಂದಿನ ಜನವರಿಯಲ್ಲಿ ಅಕ್ಕನ ಮೊದಲ ಕಿರು ಪರೀಕ್ಷೆ. ಕೊಠಡಿಯಲ್ಲಿದ್ದ ಮೇಲ್ವಿಚಾರಕರು ಅದನ್ನು ನೋಡಿದ ಕೂಡಲೇ, "ಇದು ಪ್ರೋಗ್ರಾಮಬಲ್ ಅಮ್ಮ, ಬಳಸೋ ಹಾಗಿಲ್ಲ" ಎಂದು ತೆಗೆದುಕೊಂಡು ಮೇಜಿನ ಮೇಲಿಟ್ಟರು. ಪರೀಕ್ಷೆಯಲ್ಲಿ ಇನ್ನೊಬ್ಬರದನ್ನು ಕೇಳುವಂತಿಲ್ಲ. ಅಕ್ಕ ಗುಣಾಕಾರ ಭಾಗಾಕಾರ ಎಲ್ಲ ಕೈಯಲ್ಲೇ ಮಾಡಿದಳು. ಎರಡು ಲೆಕ್ಕ ಅರ್ಧಕ್ಕೇ ನಿಂತವು. ಅವತ್ತು ರಾತ್ರಿ ಫೋನು ಮಾಡಿ ಅತ್ತಳು. ಅಂಕ ಹೋಯಿತು ಅಂತ ಅಲ್ಲ, ತೊಂಬತ್ತು ಸೇರು ಹೋಯಿತು ಅಂತ.

ಇದರಲ್ಲಿ ಮೇಲ್ವಿಚಾರಕರ ತಪ್ಪು ಏನೂ ಇಲ್ಲ, ನಿಯಮ ಇದ್ದದ್ದೇ. ಮಾರಿದವರೂ ಸುಳ್ಳು ಹೇಳಿರಲಿಲ್ಲ, ಯಂತ್ರ ಚೆನ್ನಾಗಿಯೇ ಇದೆ. ನಾವು ಕೇಳಬೇಕಾಗಿದ್ದ ಒಂದು ಪ್ರಶ್ನೆ ಕೇಳಲಿಲ್ಲ, ಅಷ್ಟೇ. ಆದರೆ ನನಗೆ ಅನಿಸುವುದು ಇದು. ಪೇಟೆಯ ಮಕ್ಕಳಿಗೆ ಅಣ್ಣನೋ ಅಕ್ಕನೋ ಚಿಕ್ಕಪ್ಪನೋ ಎಂಜಿನಿಯರಿಂಗ್ ಓದಿರುತ್ತಾರೆ. ಯಾವ ಕ್ಯಾಲ್ಕುಲೇಟರ್ ಎಂಬುದು ಅವರ ಮನೆಯಲ್ಲಿ ಊಟದ ಹೊತ್ತಿನಲ್ಲೇ ತಿಳಿದುಹೋಗುತ್ತದೆ. ನಮಗೆ ದುಡ್ಡು ಕೊಟ್ಟ ಮೇಲೆ ತಿಳಿಯುತ್ತದೆ. ಆದ್ದರಿಂದ ನಮ್ಮ ಮನೆಗೆ ತಿಳಿದದ್ದನ್ನು ಈ ಗೋಡೆಯ ಮೇಲೆ ಹಾಕುತ್ತಿದ್ದೇನೆ.

ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂದರೆ ಏನು? ನಾವು ನಕ್ಷಾ ಹಾಳೆಯ ಮೇಲೆ ಬಿಂದು ಗುರುತಿಸಿ ಎಳೆಯುವ ಗೆರೆಯನ್ನು ಅದು ತನ್ನ ಪುಟ್ಟ ಪರದೆಯ ಮೇಲೆ ತಾನೇ ಎಳೆದು ತೋರಿಸುತ್ತದೆ. ಇಂಥದ್ದನ್ನು ಮೊದಲು ಮಾರಾಟಕ್ಕೆ ತಂದದ್ದು ಜಪಾನಿನ ಕ್ಯಾಸಿಯೊ ಕಂಪನಿ, 1985ರಲ್ಲಿ. 1990ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯೂ ತಂದಿತು. ಅಮೆರಿಕದ ಹೈಸ್ಕೂಲುಗಳಲ್ಲಿ ಇದು ನಮ್ಮ ಜಾಮಿಟ್ರಿ ಬಾಕ್ಸಿನ ಹಾಗೆ ಬಳಕೆಗೆ ಬಂತು. ಅಲ್ಲಿ ಹೊಸದಕ್ಕೆ ನೂರು ಡಾಲರಿನ ಆಸುಪಾಸು ಅಥವಾ ಅದಕ್ಕೂ ಮೇಲೆ ಬೀಳುತ್ತದೆ. ಇದರಲ್ಲಿ ಸೂತ್ರಗಳನ್ನೂ ಟಿಪ್ಪಣಿಗಳನ್ನೂ ಬರೆದು ಇಟ್ಟುಕೊಳ್ಳಬಹುದು. ಪ್ರೋಗ್ರಾಮಬಲ್ ಅಂದರೆ ಅದೇ. ಅದನ್ನು ಒಳಗೆ ಬಿಟ್ಟರೆ ಚೀಟಿ ಒಳಗೆ ಬಿಟ್ಟ ಹಾಗೆ ಎಂದು ನಮ್ಮ ಕಡೆಯ ಪರೀಕ್ಷೆಗಳಲ್ಲಿ ಅದಕ್ಕೆ ಅವಕಾಶ ಕೊಡುವುದಿಲ್ಲ.

ಹಾಗಾದರೆ ನಮ್ಮ ಪರೀಕ್ಷೆಗಳಲ್ಲಿ ಯಾವುದಕ್ಕೆ ಏನು ಎಂದು ಒಂದೊಂದಾಗಿ ನೋಡೋಣ. ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಮಂಡಳಿಯ ಕಚೇರಿ ಮಲ್ಲೇಶ್ವರದ 6ನೇ ಕ್ರಾಸಿನಲ್ಲಿದೆ. ಸಿಇಟಿ ನಡೆಸುವ ಪ್ರಾಧಿಕಾರದ ಕಚೇರಿಯೂ ಅದೇ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿದೆ. ಸಂಪಿಗೆ ರಸ್ತೆಯ ಅಂಗಡಿ ಸಾಲಿನಲ್ಲಿ ಏನೇ ಮಾರಲಿ, ನಮ್ಮ ಕೈಯಲ್ಲಿ ಏನಿರಬೇಕು ಎಂದು ತೀರ್ಮಾನ ಆಗುವುದು ಆ ಕಚೇರಿಗಳಲ್ಲಿ. ಎಸ್‌ಎಸ್‌ಎಲ್‌ಸಿಗೆ ಯಾವ ಕ್ಯಾಲ್ಕುಲೇಟರೂ ಇಲ್ಲ. ಎರಡು ಸಮೀಕರಣಗಳನ್ನು ನಕ್ಷೆಯ ವಿಧಾನದಿಂದ ಬಿಡಿಸಿ ಎಂದು ಕೇಳಿದರೆ ಪೆನ್ಸಿಲು, ಸ್ಕೇಲು, ನಕ್ಷಾ ಹಾಳೆ, ನಮ್ಮ ಕೈ ಇಷ್ಟೇ. ಸಿಇಟಿಗೆ ಇಲ್ಲ. ಜೆಇಇ ಮೇನ್ ಪರೀಕ್ಷೆಗೂ ಇಲ್ಲ. ದ್ವಿತೀಯ ಪಿಯುಸಿಯ ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಬಂದರೆ ಅದರ ನಕ್ಷೆಯನ್ನೂ ಕೈಯಲ್ಲೇ ಬಿಡಿಸಬೇಕು. ರಸಾಯನಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿ. ಲಾಗ್ ಟೇಬಲ್ ಮತ್ತು ಸಾದಾ ಕ್ಯಾಲ್ಕುಲೇಟರ್ ಬಳಸಬಹುದು, ಸೈಂಟಿಫಿಕ್ ಬಳಸುವಂತಿಲ್ಲ ಎಂಬ ಅರ್ಥದ ಸೂಚನೆ ಮೇಲೇ ಅಚ್ಚಾಗಿರುತ್ತದೆ.

ಅಂದರೆ ಹತ್ತನೇ ತರಗತಿಯಿಂದ ಸಿಇಟಿಯವರೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರಿನಿಂದ ನಮಗೆ ಅರ್ಧ ಅಂಕವೂ ಬರುವುದಿಲ್ಲ. ಸೈಂಟಿಫಿಕ್ ಕ್ಯಾಲ್ಕುಲೇಟರಿನಿಂದಲೂ ಅಷ್ಟೇ. ಲಾಗ್ ಟೇಬಲ್ ಒಂದಿದ್ದರೆ ಪಿಯುಸಿ ದಾಟುತ್ತದೆ. ಅದರ ಬೆಲೆ ಎರಡು ಸೇರು ಕಡಲೆಕಾಯಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ. 1614ರಲ್ಲಿ ಸ್ಕಾಟ್ಲೆಂಡಿನ ನೇಪಿಯರ್ ಲಾಗರಿತಮ್ ಅನ್ನು ಪ್ರಕಟಿಸಿದ. ಗುಣಾಕಾರವನ್ನು ಕೂಡಿಸುವುದಕ್ಕೆ ಇಳಿಸಿದ ಆ ಉಪಾಯ 400 ವರ್ಷ ಆದರೂ ನಮ್ಮ ಪರೀಕ್ಷಾ ಕೊಠಡಿಯಲ್ಲಿ ಕೆಲಸಕ್ಕೆ ಬರುತ್ತಿದೆ.

ಎಂಜಿನಿಯರಿಂಗ್‌ಗೆ ಹೋದಾಗ ವಿಷಯ ಬೇರೆ. ಅಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕೇ ಬೇಕು. ಆದರೆ ಪ್ರೋಗ್ರಾಮ್ ಹಾಕಲಾಗದ್ದು ಇರಬೇಕು. ಇದರಲ್ಲಿ ಎರಡು ಬಗೆ ಹೆಚ್ಚು ನಡೆಯುತ್ತವೆ. ಒಂದು, ಎಫ್‌ಎಕ್ಸ್-82 ಸಾಲಿನದು. ಸೈನ್, ಕಾಸ್, ಲಾಗ್, ವರ್ಗಮೂಲ, ಸರಾಸರಿ ಇವೆಲ್ಲ ಮಾಡುತ್ತದೆ. ಇನ್ನೊಂದು, ಎಫ್‌ಎಕ್ಸ್-991 ಸಾಲಿನದು. ಅದು ಇವುಗಳ ಜೊತೆಗೆ ಮಾತೃಕೆ, ಸಂಮಿಶ್ರ ಸಂಖ್ಯೆ, ಮೂರು ಅವ್ಯಕ್ತಗಳ ಸಮೀಕರಣ, ನಿಶ್ಚಿತ ಅನುಕಲದ ಬೆಲೆ ಎಲ್ಲ ತೆಗೆಯುತ್ತದೆ. ನಾವು ವಿಚಾರಿಸಿದಾಗ ಮೊದಲನೆಯದು ಹನ್ನೆರಡು ಹದಿಮೂರು ಸೇರಿನ ಲೆಕ್ಕಕ್ಕೆ ಬಂತು, ಎರಡನೆಯದು ಮೂವತ್ತು ಸೇರಿಗೆ. ಅಕ್ಕ ಈಗ ಬಳಸುತ್ತಿರುವುದು ಎರಡನೆಯದು, ಎಸ್.ಪಿ. ರಸ್ತೆಯಲ್ಲಿ ತೆಗೆದುಕೊಂಡದ್ದು. ಅಂದರೆ ನಮ್ಮ ಮನೆಯ ಒಟ್ಟು ಖರ್ಚು 120 ಸೇರು. ಮೊದಲೇ ಕೇಳಿದ್ದರೆ 30ಕ್ಕೆ ಮುಗಿಯುತ್ತಿತ್ತು.

ಇಲ್ಲಿ ಒಂದು ಗುಟ್ಟು ಹೇಳುತ್ತೇನೆ. ಪ್ರೋಗ್ರಾಮ್ ಹಾಕಲಾಗದ ಕ್ಯಾಲ್ಕುಲೇಟರುಗಳಲ್ಲಿ ಕೆಲವಕ್ಕೆ ಟೇಬಲ್ ಎನ್ನುವ ಸೌಲಭ್ಯ ಇರುತ್ತದೆ. ಸಮೀಕರಣ ಕೊಟ್ಟು, ಎಲ್ಲಿಂದ ಎಲ್ಲಿಗೆ, ಎಷ್ಟೆಷ್ಟು ಅಂತರ ಎಂದು ಹೇಳಿದರೆ ಎಕ್ಸ್ ಮತ್ತು ವೈ ಬೆಲೆಗಳ ಕೋಷ್ಟಕವನ್ನು ಅದೇ ತುಂಬಿ ಕೊಡುತ್ತದೆ. ಆ ಬಿಂದುಗಳನ್ನು ಹಾಳೆಯ ಮೇಲೆ ನಾವು ಗುರುತಿಸಿದರೆ ನಕ್ಷೆ ಆಯಿತು. ಗ್ರಾಫಿಂಗ್ ಕ್ಯಾಲ್ಕುಲೇಟರ್ ಮಾಡುವ ಮುಕ್ಕಾಲು ಕೆಲಸ ಇದರಲ್ಲೇ ಆಗುತ್ತದೆ. ಕೊಳ್ಳುವಾಗ ಟೇಬಲ್ ಇದೆಯಾ ಎಂದು ಕೇಳಿ.

ಇನ್ನೊಂದು ಮಾತು. ಈಗ ಎಂಜಿನಿಯರಿಂಗ್ ಗಣಿತದ ಪ್ರಯೋಗಗಳನ್ನು ಕಂಪ್ಯೂಟರಿನ ಮೇಲೆ ಪೈಥಾನಿನಂಥ ಭಾಷೆಯಲ್ಲಿ ಮಾಡಿಸುತ್ತಾರೆ. ಬಿ.ಎಸ್ಸಿ. ಗಣಿತದ ಪ್ರಾಯೋಗಿಕ ತರಗತಿಗಳಲ್ಲಿ ಸೈಲ್ಯಾಬ್, ಮ್ಯಾಕ್ಸಿಮಾ ಎಂಬ ಉಚಿತ ತಂತ್ರಾಂಶಗಳು ಬಳಕೆಯಲ್ಲಿವೆ. ನಕ್ಷೆ ಬೇಕಾದರೆ ಅವುಗಳಲ್ಲಿ ದೊಡ್ಡ ಪರದೆಯ ಮೇಲೆ ಬಣ್ಣದಲ್ಲಿ ಬರುತ್ತದೆ. ಗೇಟ್ ಪರೀಕ್ಷೆಗೆ 2016ರಿಂದ ಕಂಪ್ಯೂಟರ್ ಪರದೆಯ ಮೇಲೇ ಕ್ಯಾಲ್ಕುಲೇಟರ್ ಕೊಡುತ್ತಾರೆ, ನಮ್ಮದನ್ನು ತೆಗೆದುಕೊಂಡು ಹೋಗುವಂತೆಯೇ ಇಲ್ಲ. ಹೀಗಾಗಿ ನಮ್ಮ ಕಡೆ ಗ್ರಾಫಿಂಗ್ ಕ್ಯಾಲ್ಕುಲೇಟರಿಗೆ ಪರೀಕ್ಷಾ ಕೊಠಡಿಯಲ್ಲೂ ಜಾಗ ಇಲ್ಲ, ಪ್ರಯೋಗಾಲಯದಲ್ಲೂ ಕೆಲಸ ಇಲ್ಲ. ಹೊರದೇಶದ ಪಠ್ಯಕ್ರಮ ಇರುವ ಶಾಲೆಗಳು ಬೆಂಗಳೂರಿನಲ್ಲಿವೆ, ಅಲ್ಲಿ ಐ.ಬಿ. ಓದುವವರಿಗೆ ಅದು ಬೇಕಾಗುತ್ತದೆ. ನಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ ಆವಾಗ ಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ ನೀವು ಅಂದುಕೊಳ್ಳಬಹುದು, ಇವಳಿಗೆ ಆ ಯಂತ್ರದ ಮೇಲೆ ಕೋಪ ಅಂತ. ಕೋಪ ಇತ್ತು. ಅಕ್ಕ ಯುಗಾದಿಗೆ ಬಂದಾಗ ಅದನ್ನು ನನ್ನ ಕೈಗೆ ಕೊಟ್ಟು "ನೀನೇ ಇಟ್ಕೊಳೇ, ನನಗೆ ನೋಡೋಕೂ ಆಗಲ್ಲ" ಅಂದಳು. ಮಾರೋಣ ಎಂದರೆ ಕೇಳುವವರಿಲ್ಲ. ಒಂದು ವಾರ ನಾನೂ ಮುಟ್ಟಲಿಲ್ಲ. ಆಮೇಲೆ ಏನಾದರಾಗಲಿ ಎಂದು ನಮ್ಮ ಬಹುಪದೋಕ್ತಿ ಪಾಠದ ಒಂದು ಸಮೀಕರಣ ಹಾಕಿದೆ. ಎಕ್ಸ್ ವರ್ಗದಲ್ಲಿ ಮೂರು ಎಕ್ಸ್ ಕಳೆದು, ಮತ್ತೆ 4 ಕಳೆದರೆ ವೈ. ಅದರ ಶೂನ್ಯತೆಗಳು −1 ಮತ್ತು 4.

ಅದೇ ನಕ್ಷೆಯನ್ನು ನಾನು ಮೊದಲೇ ಹಾಳೆಯ ಮೇಲೆ ಬಿಡಿಸಿದ್ದೆ. ಎಕ್ಸ್‌ಗೆ 0, 1, 2, 3 ಹಾಕಿದರೆ ವೈಗೆ −4, −6, −6, −4 ಬರುತ್ತದೆ. ಎರಡು ಸಲ −6 ಬಂದದ್ದರಿಂದ ನಾನು ಆ ಎರಡು ಬಿಂದುಗಳ ನಡುವೆ ಸ್ಕೇಲಿಟ್ಟು ನೇರ ಗೆರೆ ಎಳೆದಿದ್ದೆ, ನಮ್ಮ ಕುಡಿಯುವ ನೀರಿನ ತೊಟ್ಟಿಯ ತಳದ ಹಾಗೆ. ಯಂತ್ರದಲ್ಲಿ ನೋಡಿದರೆ ಅಲ್ಲಿ ಚಪ್ಪಟೆ ಇಲ್ಲವೇ ಇಲ್ಲ! ಗೆರೆ ಇನ್ನೂ ಸ್ವಲ್ಪ ಕೆಳಗೆ ಇಳಿದು ತಿರುಗುತ್ತದೆ. ಎಕ್ಸ್ 1.5 ಇರುವಾಗ ವೈ −6.25. ನಾನು ಪುಸ್ತಕದಲ್ಲಿ ಹತ್ತು ಸಲ ಓದಿದ್ದ ಪರವಲಯ ಅಂದರೆ ಏನು ಎಂದು ಅವತ್ತು ಕಣ್ಣಿಗೆ ಕಂಡಿತು. ಮಾರನೇ ದಿನ ನನ್ನ ಹಳೆಯ ನಕ್ಷೆಯನ್ನು ಅಳಿಸಿ ತಿದ್ದಿದೆ.

ಅದೇ ಖುಷಿಯಲ್ಲಿ ಎಕ್ಸ್ ವರ್ಗಕ್ಕೆ 20 ಕೂಡಿಸಿ ಹಾಕಿದೆ. ಪರದೆ ಖಾಲಿ! ಕೆಟ್ಟುಹೋಯಿತು ಎಂದು ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಪರದೆಯಲ್ಲಿ ಎರಡೂ ಅಕ್ಷಗಳು −10ರಿಂದ 10ರವರೆಗೆ ಮಾತ್ರ ಇದ್ದವು. ಈ ಗೆರೆಯ ಅತಿ ಕೆಳಗಿನ ಬಿಂದುವೇ 20ರಲ್ಲಿದೆ. ನಾವು ನೋಡುತ್ತಿದ್ದ ಕಿಟಕಿಗೆ ಅದು ಬರಲೇ ಇಲ್ಲ. ಎಲ್ಲಿ ನೋಡಬೇಕು ಎಂದು ಯಂತ್ರಕ್ಕೆ ನಾವೇ ಹೇಳಬೇಕು. ಹೇಳಬೇಕಾದರೆ ನಮಗೆ ಮೊದಲೇ ಅಂದಾಜು ಇರಬೇಕು. ಆ ಅಂದಾಜು ಬರುವುದು ಕೈಯಲ್ಲಿ ಹತ್ತಿಪ್ಪತ್ತು ನಕ್ಷೆ ಬಿಡಿಸಿದ ಮೇಲೆಯೇ.

ನಮ್ಮ ಗಣಿತ ಮೇಷ್ಟ್ರು ತರಗತಿಯಲ್ಲಿ "ಯಂತ್ರ ಕೈಗೆ ಬಂದ್ರೆ ಮಗ್ಗಿ ಬಾಯಿಂದ ಹೋಗುತ್ತೆ" ಎಂದು ಹೇಳುತ್ತಿರುತ್ತಾರೆ. ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮೇಷ್ಟ್ರು ಮನ್ನಿಸಬೇಕು, ಇನ್ನರ್ಧ ಒಪ್ಪುವುದಿಲ್ಲ. ಒಂದು ಪೀರಿಯಡ್ಡಿನಲ್ಲಿ ನಾವು ಒಂದು ನಕ್ಷೆ ಬಿಡಿಸುತ್ತೇವೆ. ಯಂತ್ರ ಇದ್ದರೆ ಇಪ್ಪತ್ತು ನೋಡಬಹುದು. ಎಕ್ಸ್ ವರ್ಗದ ಮುಂದೆ 2 ಹಾಕಿದರೆ ಗೆರೆ ಕಿರಿದಾಗುತ್ತದೆ, ಅರ್ಧ ಹಾಕಿದರೆ ಅಗಲವಾಗುತ್ತದೆ, ಋಣ ಚಿಹ್ನೆ ಹಾಕಿದರೆ ತಲೆಕೆಳಗಾಗುತ್ತದೆ. ಇದನ್ನು ನಮಗೆ ಯಾರೂ ಉರು ಹೊಡೆಸಬೇಕಾಗಿಲ್ಲ, ನೋಡಿದರೆ ತಾನೇ ತಿಳಿಯುತ್ತದೆ. ಅಮೆರಿಕದಲ್ಲಿ ಎ.ಪಿ. ಕ್ಯಾಲ್ಕುಲಸ್ ಎಂಬ ಪರೀಕ್ಷೆ ಇದೆ. ಅದರ ಒಂದು ಭಾಗಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕು, ಇನ್ನೊಂದು ಭಾಗದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಯಂತ್ರದ ತೌರೂರಿನಲ್ಲೇ ಕೈಲೆಕ್ಕವನ್ನು ಬಿಟ್ಟಿಲ್ಲ. ಎರಡೂ ಬೇಕು ಎಂಬುದೇ ನನ್ನ ಅಭಿಪ್ರಾಯ ಕೂಡ.

ಲೆಕ್ಕದ ಮಾತು ಬಂದಾಗ ನಮ್ಮ ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು ನೆನೆಯದೆ ಇರಲು ಆಗುವುದಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ಇದನ್ನು ಓದಿ ನಾವೆಲ್ಲ ಹಾಗೇ ಆಗಬೇಕು ಎಂದು ನಾನು ಹೇಳುತ್ತಿಲ್ಲ, ಅದು ಆಗುವ ಮಾತಲ್ಲ. ಆದರೆ 90 ಸೇರು ಎಂದು ಅಪ್ಪ ಥಟ್ಟನೆ ಹೇಳಿದಷ್ಟಾದರೂ ನಮಗೆ ಬರಬೇಕು. ಪರದೆಯ ಮೇಲೆ 900 ಎಂದು ಬಂದರೆ ಎಲ್ಲೋ ಒಂದು ಸೊನ್ನೆ ಜಾಸ್ತಿ ಒತ್ತಿದ್ದೇನೆ ಎಂದು ಅನುಮಾನ ಬರಬೇಕು.

ಈ ಅನುಮಾನ ಯಾಕೆ ಬೇಕು ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಸೈನ್ 30 ಎಂದು ಒತ್ತಿ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ 0.5 ಬರುತ್ತದೆ. ರೇಡಿಯನ್ನಿನಲ್ಲಿದ್ದರೆ −0.988 ಬರುತ್ತದೆ. ಯಂತ್ರ ಹೇಳಿದ್ದು ಎರಡೂ ಸಲ ಸರಿಯೇ, ನಾವು ಕೇಳಿದ್ದೇ ತಪ್ಪು. ಇನ್ನೊಂದು, 6 ಭಾಗಿಸು 2, ಪಕ್ಕದಲ್ಲೇ ಆವರಣದೊಳಗೆ 1 ಕೂಡಿಸು 2 ಎಂದು ಹಾಕಿ. ಕೆಲವು ಕ್ಯಾಲ್ಕುಲೇಟರು 9 ಅನ್ನುತ್ತವೆ, ಕೆಲವು 1 ಅನ್ನುತ್ತವೆ. ಆವರಣಕ್ಕೆ ಅಂಟಿಕೊಂಡ ಗುಣಾಕಾರವನ್ನು ಮೊದಲು ಮಾಡಬೇಕೋ ಬೇಡವೋ ಎಂಬುದರಲ್ಲಿ ಅವುಗಳಲ್ಲೇ ಒಮ್ಮತ ಇಲ್ಲ. ಅದಕ್ಕೇ ಪರೀಕ್ಷೆಗೆ ಹಿಂದಿನ ದಿನ ಹೊಸ ಕ್ಯಾಲ್ಕುಲೇಟರ್ ಕೊಳ್ಳಬೇಡಿ. ಕೊಂಡ ಮೇಲೆ ಒಂದು ತಿಂಗಳಾದರೂ ಅದರ ಜೊತೆ ಓಡಾಡಿ, ಅದರ ಸ್ವಭಾವ ತಿಳಿಯಬೇಕು.

ಈಗ ಕೊಳ್ಳುವವರಿಗೆ ನನ್ನ ಸಲಹೆ. ಮೊದಲನೆಯದಾಗಿ, ಯಾವ ಪರೀಕ್ಷೆಗೆ ಎಂದು ತಿಳಿದುಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆ ಓದಿ. ಕಾಲೇಜಿನಲ್ಲಿ ಪಾಠ ಮಾಡುವವರನ್ನೇ "ಸರ್, ಯಾವ ಮಾಡೆಲ್ ಒಳಗೆ ಬಿಡ್ತೀರಿ?" ಎಂದು ಬಾಯಿಬಿಟ್ಟು ಕೇಳಿ. ಎರಡನೆಯದಾಗಿ, ಒಂದು ತಿಂಗಳು ಪಾಠ ನಡೆದ ಮೇಲೆ ಯಾವ ಯಾವ ಗುಂಡಿ ಬೇಕಾಗುತ್ತದೆ ಎಂದು ನೋಡಿ ಕೊಳ್ಳಿ, ಸೀಟು ಸಿಕ್ಕ ಖುಷಿಯಲ್ಲಿ ಕೊಳ್ಳಬೇಡಿ. ಮೂರನೆಯದಾಗಿ, ಅಂಗಡಿಯಲ್ಲಿ ಎಲ್ಲ ಗುಂಡಿಯನ್ನೂ ಒಂದೊಂದು ಸಲ ಒತ್ತಿ. ಬಿಸಿಲು ಮತ್ತು ಶೆಲ್ಲು ಎರಡರಿಂದಲೂ ನಡೆಯುವುದಾದರೆ ಮೇಲಿನ ಕಪ್ಪು ಪಟ್ಟಿಯನ್ನು ಬೆರಳಿನಿಂದ ಮುಚ್ಚಿ ನೋಡಿ, ಅಂಕಿ ಮಾಯವಾದರೆ ಒಳಗಿನ ಶೆಲ್ಲು ಸತ್ತಿದೆ ಎಂದು ತಿಳಿಯಿರಿ. ಹೆಸರಿನ ಒಂದಕ್ಷರ ಬದಲಾಯಿಸಿದ ನಕಲಿಗಳೂ ಇರುತ್ತವೆ, ಬಿಲ್ ಕೇಳಿ ಪಡೆಯಿರಿ. ನಾಲ್ಕನೆಯದಾಗಿ, ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಕಡೇ ವರ್ಷದವರು ಬಿಟ್ಟುಹೋಗುವ ಮಾಡೆಲ್ಲೇ ಆ ಕಾಲೇಜಿನಲ್ಲಿ ಒಳಗೆ ಬಿಡುವ ಮಾಡೆಲ್ ಆಗಿರುತ್ತದೆ. ಅಕ್ಕ ಮಾಡಿದ ತಪ್ಪು ಹಳೆಯದನ್ನು ಕೊಂಡದ್ದಲ್ಲ, ಕೇಳದೆ ಕೊಂಡದ್ದು.

ಕೇಳುವುದು ಎಂದಾಗ ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. ಅವರು 1920ರಲ್ಲಿ ಗೌರಿಬಿದನೂರು ಕಡೆಯ ಹೊಸೂರು ಎಂಬ ಹಳ್ಳಿಯಲ್ಲಿ ಬಡತನದಲ್ಲಿ ಹುಟ್ಟಿದವರು. ಓದಬೇಕೆಂಬ ಆಸೆಯಿಂದ ಹಳ್ಳಿಯಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಪ್ರಾಂಶುಪಾಲರಾಗಿ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. 2005ರಲ್ಲಿ ತೀರಿಕೊಳ್ಳುವವರೆಗೂ, ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಹುಡುಗರಿಗೆ ಹೇಳುತ್ತಲೇ ಇದ್ದರು. ಪರಿಷೆಯ ದಿನ ನಾವು ಕಾಯಿ ಮಾರಿದ ಜಾಗದಿಂದ ಆ ಕಾಲೇಜಿಗೆ ನಡೆದೇ ಹೋಗಬಹುದು. ಅಷ್ಟು ಹತ್ತಿರ ಕೂತು ನಾವು ಒಂದು ಪ್ರಶ್ನೆ ಕೇಳದೆ ದುಡ್ಡು ಕೊಟ್ಟೆವು. ಹಳ್ಳಿಯಿಂದ ಹೋದ ನಮಗೆ ಪೇಟೆಯಲ್ಲಿ ಪ್ರಶ್ನೆ ಕೇಳಲು ಸಂಕೋಚ. ದಡ್ಡರು ಅಂದುಕೊಳ್ಳುತ್ತಾರೇನೋ ಎಂಬ ಭಯ. ಅಕ್ಕನಿಗೂ ಅದೇ ಆಗಿತ್ತಂತೆ. "ಕ್ಲಾಸಲ್ಲಿ ಎದ್ದು ನಿಂತು ಕೇಳೋಕೆ ನಾಚಿಕೆ ಆಯ್ತು ಕಣೇ" ಅಂದಳು. ಆ ನಾಚಿಕೆಯ ಬೆಲೆ 4,500 ರೂಪಾಯಿ.

ಕೊನೆಯದಾಗಿ, ಮುಖ್ಯೋಪಾಧ್ಯಾಯರಲ್ಲಿ ಮತ್ತು ಎಸ್‌ಡಿಎಂಸಿ ಸದಸ್ಯರಲ್ಲಿ ನನ್ನ ಎರಡು ವಿನಂತಿಗಳಿವೆ.

ಒಂದು, ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ವಾರಕ್ಕೆ ಒಂದು ಗಣಿತದ ಪೀರಿಯಡ್ ಇಡಬೇಕು. ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶ ಇದೆ. 2001ರಲ್ಲಿ ಆಸ್ಟ್ರಿಯಾ ದೇಶದ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬುವರು ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ್ದು. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಅನೇಕ ಶಿಕ್ಷಕರಿಗೆ ಅದರಲ್ಲಿ ತರಬೇತಿಯೂ ಆಗಿದೆ. 90 ಸೇರಿನ ಯಂತ್ರ ತೋರಿಸಿದ್ದನ್ನೆಲ್ಲ ಅದು ಪುಕ್ಕಟೆ, ದೊಡ್ಡದಾಗಿ, ಇಡೀ ತರಗತಿಗೆ ತೋರಿಸುತ್ತದೆ. ಮೊದಲು ಹಾಳೆಯ ಮೇಲೆ ಬಿಡಿಸಿ, ಆಮೇಲೆ ಅದರಲ್ಲಿ ಸರಿ ಇದೆಯೇ ಎಂದು ನೋಡುವ ಹಾಗಿರಲಿ. ಆಗ ಮೇಷ್ಟ್ರ ಮಾತೂ ಉಳಿಯುತ್ತದೆ, ನನ್ನ ಮಾತೂ ಉಳಿಯುತ್ತದೆ.

ಎರಡು, ಗ್ರಂಥಾಲಯದ ಬೀರುವಿನಲ್ಲಿ ಒಂದು ಕ್ಯಾಲ್ಕುಲೇಟರ್ ಪೆಟ್ಟಿಗೆ ಇಡಬೇಕು. ನಮ್ಮ ಶಾಲೆಯಲ್ಲಿ ಓದಿ ಡಿಪ್ಲೊಮಾ, ಎಂಜಿನಿಯರಿಂಗ್, ಬಿ.ಎಸ್ಸಿ. ಮುಗಿಸಿದವರು ಊರಲ್ಲಿ ಹಲವರಿದ್ದಾರೆ. ಅವರ ಕ್ಯಾಲ್ಕುಲೇಟರು, ಲಾಗ್ ಟೇಬಲ್ಲುಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಅವನ್ನು ಕೇಳಿ ತರುವ ಕೆಲಸ ನಾವು ಮಾಡುತ್ತೇವೆ. ಪುಸ್ತಕ ಕೊಡುವ ಹಾಗೆಯೇ ರಿಜಿಸ್ಟರಿನಲ್ಲಿ ಬರೆದುಕೊಂಡು, ಮುಂದೆ ಓದಲು ಹೋಗುವವರಿಗೆ ಕೊಡಬೇಕು, ಓದು ಮುಗಿದ ಮೇಲೆ ಅವರು ತಂದು ಇಡಬೇಕು. ಪ್ರತಿ ಕ್ಯಾಲ್ಕುಲೇಟರಿನ ಜೊತೆ ಒಂದು ಚೀಟಿ ಇರಲಿ. ಇದು ಯಾವ ಕೋರ್ಸಿಗೆ ನಡೆಯಿತು, ಯಾವ ಪರೀಕ್ಷೆಯಲ್ಲಿ ಒಳಗೆ ಬಿಟ್ಟರು, ಯಾವುದರಲ್ಲಿ ಬಿಡಲಿಲ್ಲ ಎಂದು. ನನಗೆ ಕ್ಯಾಲ್ಕುಲೇಟರಿಗಿಂತ ಆ ಚೀಟಿಯೇ ದೊಡ್ಡದು ಅನ್ನಿಸುತ್ತದೆ. ಪೇಟೆಯ ಮನೆಗಳಲ್ಲಿ ಅಣ್ಣಂದಿರು ಹೇಳುವುದನ್ನು ನಮಗೆ ಆ ಚೀಟಿ ಹೇಳುತ್ತದೆ.

ಪೆಟ್ಟಿಗೆಗೆ ಮೊದಲ ವಸ್ತು ನಾನೇ ತಂದಿದ್ದೇನೆ. ಅಪ್ಪನನ್ನು ಕೇಳಿದೆ. "ಮನೇಲಿ ಮೂಲೇಲಿ ಬಿದ್ದಿರೋ ಬದ್ಲು ಹತ್ತು ಮಕ್ಳು ನೋಡ್ಕಳ್ಳಿ, ತೊಂಬತ್ತು ಸೇರು ದಂಡ ಆಗಾಕಿಲ್ಲ" ಅಂದರು. ಅಕ್ಕನೂ ಒಪ್ಪಿ, ಚೀಟಿಯನ್ನು ತಾನೇ ಬರೆದು ಕಳಿಸಿದ್ದಾಳೆ. ಅದರಲ್ಲಿ ಹೀಗಿದೆ: "ಪ್ರೋಗ್ರಾಮಬಲ್. ಪರೀಕ್ಷೆಗೆ ತಗೊಂಡು ಹೋಗಬೇಡಿ. ನಕ್ಷೆ ನೋಡಲು ತುಂಬಾ ಚೆನ್ನಾಗಿದೆ. ಏನು ಕೊಳ್ಳುವ ಮುಂಚೆಯೂ ಎದ್ದು ನಿಂತು ಕೇಳಿ."

ಯಂತ್ರ ವಿಜ್ಞಾನ ಮೇಡಮ್ ಹತ್ತಿರ ಇದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನೋಡಬಹುದು, ಬರುವಾಗ ಒಂದು ನಕ್ಷಾ ಹಾಳೆ ತನ್ನಿ. ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು, ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಬೇಕು. ಇಲ್ಲಿಗೆ ನನ್ನ ಲೇಖನಿಗೆ ವಿರಾಮ.

ಇಂತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ, 'ಎ' ವಿಭಾಗ